ಬೀದಿಯ ಹಳಿಗಳೂ ನಮ್ಮ ನಡಿಗೆಯೂ

(ಶಾಲೆಯ ರಕ್ಷಕರ ದಿನದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ದಿನ ನಾನು ಆರಿಸಿಕೊಂಡಿರುವ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರಿಗಾದರೂ ಆಶ್ಚರ್ಯವಾಗಬಹುದು. ನಗರದ ಬೀದಿಗಳಲ್ಲಿ ಜನರ ನಡುವೆಯೇ ಓಡುವ ಟ್ರಾಮುಗಳ, ಈಗಿನವರು ಲಘು ರೈಲು ಎಂದು ಕರೆಯುವ ಗಾಡಿಗಳ, ಹತ್ತಿರ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದೇ ಆ ವಿಷಯ. ಕಾಸರಗೋಡಿನ ಕಂಗಿನ ತೋಟಗಳ ನಡುವೆ ಇರುವ ನಮಗೂ ಟ್ರಾಮಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರವನ್ನು ಮೊದಲು ಹೇಳಿ ಮುಂದುವರಿಯುತ್ತೇನೆ.

ಕಳೆದ ಬೇಸಗೆ ರಜೆಗೆ ಮುಂಚೆ ನಮ್ಮ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ನನ್ನ ಕೊಠಡಿಗೆ ಬಂದರು. ಮಗುವಿನ ತಂದೆ ದುಬಾಯಿಯಲ್ಲಿ ಉದ್ಯೋಗದಲ್ಲಿದ್ದಾರೆ. ರಜೆಯಲ್ಲಿ ತಾಯಿಯೂ ಮಗಳೂ ಅಲ್ಲಿಗೆ ಹೋಗುವವರಿದ್ದರು. ಅವರು ವಾಸಿಸುವ ಮನೆಯ ಮುಂದೆಯೇ ಟ್ರಾಮ್ ಓಡುತ್ತದೆಯಂತೆ. ಆ ತಾಯಿ ಕೇಳಿದ ಮಾತು ನನ್ನ ಮನಸ್ಸನ್ನು ನಾಟಿತು. "ಮಾಸ್ತರೇ, ನನ್ನ ಮಗಳು ಕನ್ನಡ ಶಾಲೆಯಲ್ಲಿ ಓದುವವಳು. ಅಲ್ಲಿಯ ಫಲಕಗಳೆಲ್ಲ ಅರಬಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತವೆ. ಅವಳಿಗೆ ಅಪಾಯ ತಿಳಿಯುವುದು ಹೇಗೆ?" ಎಂದರು. ಅಂದು ನಾನು ಸಮಾಧಾನವಾಗಿ ನಾಲ್ಕು ಮಾತು ಹೇಳಿ ಕಳುಹಿಸಿದೆ. ಆದರೆ ಆ ಉತ್ತರ ನನಗೇ ತೃಪ್ತಿ ಕೊಡಲಿಲ್ಲ. ಪೂರ್ತಿಯಾದ ಉತ್ತರವನ್ನು ಇಂದು ತಮ್ಮೆಲ್ಲರ ಸಮಕ್ಷಮದಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಟ್ರಾಮ್ ನಮ್ಮ ಹಿರಿಯರಿಗೆ ಅಪರಿಚಿತವಾದ ವಸ್ತುವಲ್ಲ. 1956 ನೇ ಇಸವಿಯ ನವೆಂಬರ್ 1 ರವರೆಗೆ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಆ ಜಿಲ್ಲೆಯು ಮದರಾಸಿಗೆ ಸೇರಿತ್ತು. ಉಚ್ಚ ವಿದ್ಯಾಭ್ಯಾಸಕ್ಕಾಗಲಿ ಹೈಕೋರ್ಟಿನ ವ್ಯಾಜ್ಯಕ್ಕಾಗಲಿ ಹೋಗುವವರು ಮದರಾಸಿಗೆ ಹೋಗಬೇಕಾಗಿತ್ತು. ಆ ಪಟ್ಟಣದಲ್ಲಿ 1895 ರಿಂದ 1953 ರವರೆಗೆ ವಿದ್ಯುತ್ ಟ್ರಾಮುಗಳು ಓಡುತ್ತಿದ್ದವು. ಭಾರತದಲ್ಲಿ ಮೊದಲ ವಿದ್ಯುತ್ ಟ್ರಾಮ್ ಓಡಿದುದೇ ಅಲ್ಲಿ. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಆ ಬೀದಿಗಳಲ್ಲಿ ಟ್ರಾಮಿನ ಗಂಟೆಯ ಸದ್ದು ಕೇಳಿಸುತ್ತಿತ್ತು. ಮುಂಬಯಿಯಲ್ಲಿ 1874 ರಲ್ಲಿ ಕುದುರೆಗಳು ಎಳೆಯುವ ಟ್ರಾಮ್ ಆರಂಭವಾಗಿ, 1907 ರಲ್ಲಿ ವಿದ್ಯುತ್ತಿಗೆ ಮಾರ್ಪಟ್ಟು, 1964 ರ ಮಾರ್ಚ್ 31 ರಂದು ನಿಂತುಹೋಯಿತು. ಕಲ್ಕತ್ತೆಯಲ್ಲಿ 1873 ರಲ್ಲಿ ಹುಟ್ಟಿದ ಟ್ರಾಮ್ ಉಳಿದ ಊರುಗಳಿಗಿಂತ ಹೆಚ್ಚು ಕಾಲ ಬಾಳಿತು. 2024 ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರಕಾರವು ಎಸ್ಪ್ಲನೇಡಿನಿಂದ ಮೈದಾನದವರೆಗಿನ ಒಂದು ಮಾರ್ಗವನ್ನುಳಿದು ಮಿಕ್ಕವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ನಮ್ಮ ದೇಶದಲ್ಲಿ ಟ್ರಾಮ್ ಹಿಂದೆ ಸರಿದರೂ ಹೊರದೇಶಗಳಲ್ಲಿ ಅದು ಮುಂದುವರಿದಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಸುಮಾರು 250 ಕಿಲೋಮೀಟರು ಉದ್ದದ ಟ್ರಾಮ್ ಮಾರ್ಗವಿದೆ. ಪ್ರಪಂಚದಲ್ಲಿಯೇ ಅತಿ ದೊಡ್ಡದೆಂದು ಅದಕ್ಕೆ ಹೆಸರು. ದುಬಾಯಿಯ ಟ್ರಾಮ್ 2014 ರ ನವೆಂಬರಿನಲ್ಲಿ ಆರಂಭವಾಯಿತು. ಈ ಎರಡು ಊರುಗಳಲ್ಲಿಯೂ ನಮ್ಮ ಜಿಲ್ಲೆಯವರು ಇದ್ದಾರೆಂಬುದನ್ನು ನಾನು ಹೇಳಬೇಕಾದುದಿಲ್ಲ. ಆದುದರಿಂದ ನಮ್ಮ ಮಕ್ಕಳ ಕಾಲು ಇಂದಲ್ಲ ನಾಳೆ ಬೀದಿಯ ಹಳಿಯ ಮೇಲೆ ಬೀಳತಕ್ಕದ್ದೇ.

ಇನ್ನು ಟ್ರಾಮಿನ ಸ್ವಭಾವವನ್ನು ವಿಚಾರಿಸೋಣ. ಪ್ರಾಣಿಯ ಸ್ವಭಾವವನ್ನು ಅರಿತವನು ಅದರ ಹತ್ತಿರ ಭಯವಿಲ್ಲದೆ ನಡೆಯಬಲ್ಲನಷ್ಟೆ.

ಮೊದಲನೆಯ ಗುಣ: ಟ್ರಾಮ್ ಅತ್ತಿತ್ತ ತಿರುಗಲಾರದು. ಬಸ್ಸಿನ ಚಾಲಕನಿಗೆ ಎದುರಿನಲ್ಲಿ ಮಗುವೊಂದು ಕಂಡರೆ ಚಕ್ರವನ್ನು ತಿರುಗಿಸಿ ಪಕ್ಕಕ್ಕೆ ಸರಿಯುವ ಅವಕಾಶವುಂಟು. ಟ್ರಾಮಿನ ಚಾಲಕನ ಕೈಯಲ್ಲಿ ಅಂಥ ಚಕ್ರವೇ ಇಲ್ಲ. ಹಳಿ ಹೋದಲ್ಲಿಗೆ ಗಾಡಿ ಹೋಗುವುದು.

ಎರಡನೆಯ ಗುಣ: ಅದು ಬೇಗ ನಿಲ್ಲಲಾರದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರವು ಬಹು ನಯವಾಗಿ ಉರುಳುತ್ತದೆ. ರಬ್ಬರು ಚಕ್ರವು ಡಾಮರು ರಸ್ತೆಯನ್ನು ಹಿಡಿಯುವಂತೆ ಅದು ಹಿಡಿಯುವುದಿಲ್ಲ. ಮಳೆ ಬಿದ್ದರೆ, ಒದ್ದೆ ಎಲೆಗಳು ಹಳಿಯ ಮೇಲೆ ಬಿದ್ದರೆ ಹಿಡಿತ ಇನ್ನೂ ಕಡಿಮೆ. ಹೀಗಾಗಿಯೇ ಬಹಳ ಟ್ರಾಮುಗಳಲ್ಲಿ ಚಕ್ರದ ಮುಂದೆ ಮರಳನ್ನು ಉದುರಿಸುವ ಏರ್ಪಾಡನ್ನು ಮಾಡಿರುತ್ತಾರೆ. ಏಳನೆಯ ತರಗತಿಯವರು ಈ ಲೆಕ್ಕವನ್ನು ಮಾಡಿ ನೋಡಿರಿ. ಗಂಟೆಗೆ 40 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರು. ಚಾಲಕನು ಅಪಾಯವನ್ನು ಕಂಡು ಬ್ರೇಕು ಹಾಕಲು ಒಂದು ಸೆಕೆಂಡು ಬೇಕೆಂದು ಇಟ್ಟುಕೊಂಡರೆ ಅಷ್ಟರಲ್ಲಿಯೇ 11 ಮೀಟರು ಕಳೆಯಿತು. ಆಮೇಲೆ ಪ್ರತಿ ಸೆಕೆಂಡಿಗೂ ವೇಗವು ಒಂದೊಂದು ಮೀಟರಿನಂತೆ ತಗ್ಗುತ್ತ ಬಂದರೆ ಗಾಡಿ ನಿಲ್ಲಲು ಇನ್ನೂ 60 ಮೀಟರು ಬೇಕು. ಬ್ರೇಕು ಇದರ ಎರಡರಷ್ಟು ಬಲವಾಗಿದ್ದರೂ 30 ಮೀಟರು ಬೇಕು. ಅಲ್ಲದೆ ಗಾಡಿಯೊಳಗೆ ನಿಂತಿರುವ ವೃದ್ಧರೂ ಮಕ್ಕಳೂ ಬಿದ್ದು ಗಾಯಗೊಳ್ಳುವಷ್ಟು ರಭಸದಿಂದ ನಿಲ್ಲಿಸಲು ಯಾವ ಚಾಲಕನಿಗೂ ಮನಸ್ಸು ಬಾರದು.

ಮೂರನೆಯ ಗುಣ: ಅದು ಬಹು ಭಾರವಾದುದು. ಮೆಲ್ಬರ್ನಿನ ಟ್ರಾಮ್ ಸಂಸ್ಥೆಯವರು 2011 ರಲ್ಲಿ ಒಂದು ಎಚ್ಚರಿಕೆಯ ಪ್ರಚಾರವನ್ನು ಆರಂಭಿಸಿದರು. ಒಂದು ಟ್ರಾಮ್ ಮೂವತ್ತು ಘೇಂಡಾಮೃಗಗಳಷ್ಟು ತೂಗುತ್ತದೆ ಎಂಬುದೇ ಅವರ ಘೋಷಣೆ. ಚಕ್ರದ ಹಲಗೆಯ ಮೇಲೆ ನಿಂತು ಬರುವ ಘೇಂಡಾಮೃಗದ ಚಿತ್ರವನ್ನು ಬರೆಸಿ ಊರೆಲ್ಲ ಅಂಟಿಸಿದರು. ಮಕ್ಕಳು ನಕ್ಕರು, ನಕ್ಕುದರಿಂದಲೇ ನೆನಪಿಟ್ಟುಕೊಂಡರು.

ನಾಲ್ಕನೆಯ ಗುಣವು ಎಲ್ಲಕ್ಕಿಂತ ಮೋಸದ್ದು: ಅದು ಸದ್ದು ಮಾಡುವುದು ಕಡಿಮೆ. ಹೊಗೆಬಂಡಿ ಬರುವಾಗ ಒಂದು ಮೈಲಿಗೆ ಮುಂಚೆ ಊರಿಗೆಲ್ಲ ತಿಳಿಯುತ್ತಿತ್ತು. ವಿದ್ಯುಚ್ಛಕ್ತಿಯಿಂದ ಓಡುವ ಹೊಸ ಟ್ರಾಮ್ ನಗರದ ಗಲಾಟೆಯ ನಡುವೆ ಬೆಕ್ಕಿನಂತೆ ಬಂದು ಪಕ್ಕದಲ್ಲಿ ನಿಂತಿರುತ್ತದೆ. ಕಿವಿಯನ್ನು ನಂಬಿ ನಡೆಯುವವನಿಗೆ ಇಲ್ಲಿ ರಕ್ಷಣೆಯಿಲ್ಲ.

ಈ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಅದೇ ನಾಲ್ಕನೆಯ ತರಗತಿಯ ಹುಡುಗಿ ಎದ್ದು ನಿಂತು, "ಟ್ರಾಮ್ ನಡೆಸುವವರಿಗೆ ನಾವು ಕಾಣುವುದಿಲ್ಲವೇ?" ಎಂದು ಕೇಳಿದಳು. ಎಂಥ ಒಳ್ಳೆಯ ಪ್ರಶ್ನೆ! ಕಾಣುತ್ತೇವೆ ಮಗು, ಬಹುಶಃ ಕಾಣುತ್ತೇವೆ. ಆದರೆ ಕಾಣುವುದು ಬೇರೆ, ನಿಲ್ಲಿಸುವುದು ಬೇರೆ. ಆ ಎರಡರ ನಡುವೆ ಇರುವ ದೂರವನ್ನು ನಾವೇ ಕಾಯ್ದುಕೊಳ್ಳಬೇಕು.

ದೊಡ್ಡವರು ಎಚ್ಚರ ತಪ್ಪುವುದಿಲ್ಲವೆಂದು ಭಾವಿಸಬೇಡಿರಿ. ಬಾರ್ಸಿಲೋನಾ ನಗರದಲ್ಲಿ ಸಗ್ರಾದಾ ಫಮೀಲಿಯಾ ಎಂಬ ಮಹಾದೇವಾಲಯವನ್ನು ಕಟ್ಟಿಸುತ್ತಿದ್ದ ಶಿಲ್ಪಿ ಅಂತೋನಿ ಗೌಡಿಯವರು 1926 ರ ಜೂನ್ 7 ರಂದು ಬೀದಿಯಲ್ಲಿ ನಡೆಯುತ್ತಿದ್ದಾಗ ಟ್ರಾಮ್ ಬಡಿದು ಬಿದ್ದರು. ಅವರ ಸಾಧಾರಣವಾದ ಉಡುಪನ್ನು ಕಂಡು ಯಾರೋ ಭಿಕ್ಷುಕನೆಂದು ಜನರು ತಿಳಿದರು. ಮೂರು ದಿನಗಳ ಮೇಲೆ ಅವರು ತೀರಿಕೊಂಡರು. ಬಂಗಾಳಿಯ ಹಿರಿಯ ಕವಿ ಜೀವನಾನಂದ ದಾಸರು 1954 ರ ಅಕ್ಟೋಬರ್ 14 ರಂದು ಕಲ್ಕತ್ತೆಯಲ್ಲಿ ಟ್ರಾಮಿಗೆ ಸಿಕ್ಕಿ, ಅದೇ ತಿಂಗಳ 22 ರಂದು ಆಸ್ಪತ್ರೆಯಲ್ಲಿ ಅಸುನೀಗಿದರು. ಆಗ ಅವರ ವಯಸ್ಸು 55. ವಿದ್ಯೆಯೂ ಪ್ರತಿಭೆಯೂ ಹಳಿಯ ಮೇಲೆ ನಮ್ಮನ್ನು ಕಾಯಲಾರವು, ಎಚ್ಚರವೊಂದೇ ಕಾಯಬಲ್ಲುದು.

ಇಷ್ಟು ದೊಡ್ಡವರ ಮಾತಾದ ಮೇಲೆ ಈ ಸಣ್ಣವನ ಮಾತನ್ನೂ ಹೇಳಬೇಕು. ಶಿಕ್ಷಕ ತರಬೇತಿಯ ವರ್ಷದಲ್ಲಿ, 2003 ರಲ್ಲಿ, ನಾನು ಸಹಪಾಠಿಗಳೊಂದಿಗೆ ಕಲ್ಕತ್ತೆಗೆ ಪ್ರವಾಸ ಹೋಗಿದ್ದೆ. ಕಾಲೇಜು ಬೀದಿಯ ಹಳೆಯ ಪುಸ್ತಕದ ಅಂಗಡಿಗಳನ್ನು ನೋಡುವ ಆತುರ. ಟ್ರಾಮ್ ನಿಂತೊಡನೆ ಅಂಗಡಿಗಳ ಕಡೆಗೇ ಕಣ್ಣಿಟ್ಟು ಕೆಳಕ್ಕೆ ಹಾರಿದೆ. ಹಳಿಗಳಿರುವುದು ರಸ್ತೆಯ ನಡುವೆ, ನಾನು ಇಳಿದುದು ಕಾಲುದಾರಿಗೆ ಅಲ್ಲ, ವಾಹನಗಳ ನಡುವೆ ಎಂಬ ಜ್ಞಾನವೇ ನನಗಿರಲಿಲ್ಲ. ಹಿಂದಿದ್ದ ಮುದುಕರೊಬ್ಬರು ನನ್ನ ಅಂಗಿಯ ಕಾಲರನ್ನು ಹಿಡಿದು ಹಿಂದಕ್ಕೆ ಎಳೆದರು. ಅದೇ ಕ್ಷಣದಲ್ಲಿ ನನ್ನ ಎದೆಯ ಮುಂದೆ ಒಂದು ಟ್ಯಾಕ್ಸಿ ಹಾದುಹೋಯಿತು. ಅವರು ಬಂಗಾಳಿಯಲ್ಲಿ ನನ್ನನ್ನು ಬಯ್ದರು. ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಅರ್ಥವು ಪೂರ್ತಿಯಾಗಿ ತಿಳಿಯಿತು. ನನಗೆ ಆ ದಿನ ಪ್ರಾಣದಾನ ಮಾಡಿದವರ ಹೆಸರು ಕೂಡ ನನಗೆ ಗೊತ್ತಿಲ್ಲ.

ಇನ್ನು ಮಕ್ಕಳೇ, ನೆನಪಿಡತಕ್ಕ ನಿಯಮಗಳನ್ನು ಹೇಳುತ್ತೇನೆ, ಕೇಳಿರಿ.

ಹಳಿಯನ್ನು ಗೊತ್ತುಮಾಡಿದ ಸ್ಥಳದಲ್ಲಿಯೇ ದಾಟಿರಿ. ದಾಟುವುದಕ್ಕೆ ಮುಂಚೆ ನಿಲ್ಲಿರಿ, ಎರಡು ಕಡೆಗೂ ನೋಡಿರಿ, ಅನಂತರ ನಡೆಯಿರಿ, ಓಡಬೇಡಿರಿ. ನಮ್ಮ ದೇಶದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ವಾಹನಗಳು ರಸ್ತೆಯ ಎಡಗಡೆಯಲ್ಲಿ ಓಡುತ್ತವೆ, ದುಬಾಯಿಯಲ್ಲಿ ಬಲಗಡೆಯಲ್ಲಿ. ಆದುದರಿಂದ ಇಲ್ಲಿ ಕಾಲುದಾರಿಯಿಂದ ಇಳಿಯುವಾಗ ಮೊದಲ ವಾಹನವು ನಿಮ್ಮ ಬಲದಿಂದ ಬಂದರೆ, ಅಲ್ಲಿ ಎಡದಿಂದ ಬರುವುದು. ಹುಟ್ಟಿದಂದಿನಿಂದ ಬಂದ ಅಭ್ಯಾಸವೇ ಅಲ್ಲಿ ಶತ್ರುವಾಗಬಹುದು. ಎರಡು ಕಡೆಗೂ ನೋಡುವವನಿಗೆ ಯಾವ ದೇಶದಲ್ಲಿಯೂ ಭಯವಿಲ್ಲ.

ಒಂದು ಟ್ರಾಮ್ ಹೋಯಿತೆಂದು ಕೂಡಲೇ ಹೆಜ್ಜೆ ಇಡಬೇಡಿರಿ. ಸಾಮಾನ್ಯವಾಗಿ ಜೋಡಿ ಮಾರ್ಗವಿರುತ್ತದೆ. ಹೋಗುವ ಗಾಡಿಯ ಮರೆಯಲ್ಲಿ ಬರುವ ಗಾಡಿ ಇರುತ್ತದೆ. ನಿಂತಿರುವ ಟ್ರಾಮಿನ ಮುಂದಿನಿಂದಲೋ ಹಿಂದಿನಿಂದಲೋ ನುಸುಳುವುದು ಇದೇ ಕಾರಣದಿಂದ ಅಪಾಯಕರ.

ನಿಲ್ದಾಣದಲ್ಲಿ ಹಳದಿ ಗೆರೆಯ ಹಿಂದೆ ನಿಲ್ಲಿರಿ. ಗಾಡಿಯ ಮೈ ಹಳಿಗಿಂತ ಅಗಲವಾಗಿರುತ್ತದೆ. ತಿರುವಿನಲ್ಲಿ ಅದರ ತುದಿಗಳು ಇನ್ನಷ್ಟು ಹೊರಕ್ಕೆ ಚಾಚಿಕೊಳ್ಳುತ್ತವೆ. ಹಳಿಯಿಂದ ದೂರವಿದ್ದೇನೆಂದು ತಿಳಿದವನಿಗೂ ಅದು ತಗಲಬಹುದು.

ಇಳಿಯುವಾಗ ಮೊದಲು ತಲೆಯನ್ನು ಹೊರಗಿಟ್ಟು ನೋಡಿ, ಅನಂತರ ಕಾಲನ್ನು ಇಡಿರಿ. ಮೆಲ್ಬರ್ನಿನಲ್ಲಿ ಟ್ರಾಮ್ ನಿಂತು ಬಾಗಿಲು ತೆರೆದಿರುವಾಗ ಅದರ ಹಿಂದೆ ಬರುವ ಕಾರುಗಳು ನಿಲ್ಲಲೇಬೇಕೆಂಬ ಕಾನೂನಿದೆ. ಕಾನೂನು ಒಳ್ಳೆಯದು, ಆದರೆ ಅದನ್ನು ಮರೆತವನ ಕಾರಿಗೆ ಬ್ರೇಕು ಹಾಕುವ ಶಕ್ತಿ ಕಾನೂನಿಗಿಲ್ಲ. ಕಲ್ಕತ್ತೆಯಲ್ಲಿ ನನಗೆ ದೊರೆತ ಪಾಠವೂ ಇದೇ.

ಹಳಿಯ ಪಕ್ಕದಲ್ಲಿ ಸೀಳು ಇರುತ್ತದೆ. ಬೈಸಿಕಲ್ಲಿನ ಚಕ್ರ, ಮಗುವಿನ ಕೈಗಾಡಿಯ ಚಕ್ರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಓರೆಯಾಗಿ ದಾಟದೆ ನೇರವಾಗಿ ಅಡ್ಡ ದಾಟಿರಿ. ಚಪ್ಪಲಿ ಸಿಕ್ಕಿಕೊಂಡರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಚೆಂಡು ಹಳಿಗೆ ಉರುಳಿದರೆ ಹಿಂದೆ ಓಡಬೇಡಿರಿ. ಚಪ್ಪಲಿಗೂ ಚೆಂಡಿಗೂ ಅಂಗಡಿಯಲ್ಲಿ ಬೆಲೆಯುಂಟು. ನಿಮಗೆ ಬೆಲೆ ಕಟ್ಟಿದ ಅಂಗಡಿ ಎಲ್ಲಿಯೂ ಇಲ್ಲ.

ವಿದ್ಯುತ್ತಿನ ವಿಷಯ. ಮೆಲ್ಬರ್ನಿನಲ್ಲಿ ತಂತಿಗಳು ತಲೆಯ ಮೇಲಿವೆ. ಅವುಗಳ ಕಡೆಗೆ ಕೋಲನ್ನಾಗಲಿ ಗಾಳಿಪಟವನ್ನಾಗಲಿ ಒಯ್ಯಬಾರದು. ದುಬಾಯಿಯಲ್ಲಿ ಮೇಲೆ ತಂತಿಯಿಲ್ಲ; ನೆಲದಲ್ಲಿ ಹೂತ ಮೂರನೆಯ ಕಂಬಿಯಿಂದ ಶಕ್ತಿಯು ದೊರೆಯುತ್ತದೆ. ಇದನ್ನು ಕೇಳಿ ಹೆದರಬೇಕಾಗಿಲ್ಲ. ಗಾಡಿಯ ಅಡಿಯಲ್ಲಿರುವ ತುಂಡಿಗೆ ಮಾತ್ರ ವಿದ್ಯುತ್ತು ಹರಿದು, ಗಾಡಿ ಮುಂದೆ ಹೋದೊಡನೆ ನಿಂತುಹೋಗುವಂತೆ ಅದನ್ನು ರಚಿಸಿದ್ದಾರೆ.

ಕಡೆಯದಾಗಿ, ಕಿವಿಗೆ ಸಿಕ್ಕಿಸಿಕೊಳ್ಳುವ ಹಾಡಿನ ಯಂತ್ರವನ್ನೂ ಕೈಯ ಮೊಬೈಲನ್ನೂ ಹಳಿ ದಾಟುವಾಗ ಚೀಲದೊಳಗಿಡಿರಿ. ಮಳೆಯಲ್ಲಿ ಕೊಡೆಯನ್ನು ಮುಖಕ್ಕೆ ಅಡ್ಡವಾಗಿ ಹಿಡಿಯಬೇಡಿರಿ. ತಾಯಂದಿರು ಚಿಕ್ಕ ಮಕ್ಕಳ ಬೆರಳನ್ನಲ್ಲ, ಮಣಿಕಟ್ಟನ್ನು ಹಿಡಿದು, ಹಳಿಯಿಲ್ಲದ ಬದಿಯಲ್ಲಿ ನಡೆಸಬೇಕು.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಕನ್ನಡ ಕಲಿತ ಮಗುವಿಗೆ ಅಲ್ಲಿಯ ಅಪಾಯ ತಿಳಿಯುವುದು ಹೇಗೆ? ಅಪಾಯದ ಸಂಕೇತಗಳು ಹೆಚ್ಚಾಗಿ ಅಕ್ಷರವಿಲ್ಲದ ಭಾಷೆಯವು. ಕೆಂಪು ದೀಪ, ನಿಂತ ಮನುಷ್ಯನ ಚಿತ್ರ, ಹಳದಿ ಗೆರೆ, ಗಂಟೆಯ ನಾದ ಇವುಗಳಿಗೆ ಲಿಪಿಯ ಹಂಗಿಲ್ಲ. ಬೇಕಾದ ಹತ್ತು ಇಂಗ್ಲಿಷ್ ಶಬ್ದಗಳನ್ನು ನಮ್ಮ ಇಂಗ್ಲಿಷ್ ಪಾಠದಲ್ಲಿಯೇ ಕಲಿಸಿದ್ದೇವೆ, ಕಲಿಸುತ್ತೇವೆ. ತಂದೆಯ ದೂರವಾಣಿ ಸಂಖ್ಯೆಯನ್ನೂ ಮನೆಯ ವಿಳಾಸವನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿ ಕಳುಹಿಸುವುದು ಹೆತ್ತವರ ಕೆಲಸ. ಆದರೆ ಎಲ್ಲಕ್ಕೂ ಮಿಗಿಲಾದ ವಿದ್ಯೆಯೊಂದನ್ನು ಈ ಮಕ್ಕಳು ಶಾಲೆಗೆ ಬರುವ ಮುಂಚೆಯೇ ತಮ್ಮ ತಾಯಂದಿರಿಂದ ಕಲಿತಿದ್ದಾರೆ. ಆಷಾಢದ ಮಳೆಗೆ ತೋಡು ತುಂಬಿ ಹರಿಯುವಾಗ ಕಂಗಿನ ಸಂಕವನ್ನು ದಾಟುವುದು ಹೇಗೆಂದು ಅವರಿಗೆ ಗೊತ್ತು. ನಿಂತು ನೀರನ್ನು ನೋಡು. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. ಸಂಕದ ಮೇಲೆ ಆಟ ಬೇಡ, ಮಾತು ಬೇಡ. ಕೊಡೆ ಬಿದ್ದರೆ ಹೋಗಲಿ. ನಾನು ಈಗ ಹೇಳಿದ ನಿಯಮಗಳಿಗೂ ಇದಕ್ಕೂ ಏನು ಭೇದವಿದೆ? ಕನ್ನಡದಲ್ಲಿ ಕಲಿತ ಎಚ್ಚರವು ಗಡಿ ದಾಟಿದೊಡನೆ ಮರೆತುಹೋಗುವುದಿಲ್ಲ.

ರಜೆಗೆ ಮುಂಚೆ ನಾವು ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಜೋಡಿ ಹಳಿಗಳನ್ನು ಬರೆದು, ಹತ್ತು ಹುಡುಗರನ್ನು ಸಾಲಾಗಿ ಟ್ರಾಮ್ ಮಾಡಿ, ಉಳಿದವರಿಂದ ದಾಟಿಸಿ ಅಭ್ಯಾಸ ಮಾಡಿದೆವು. ಆ ಹುಡುಗಿ ರಜೆ ಮುಗಿಸಿ ಬಂದವಳು ಹೇಳಿದಳು: "ಸರ್, ಅಪ್ಪ ಮೊಬೈಲಿನಲ್ಲಿ ಮಾತಾಡುತ್ತ ದಾಟಲು ಹೊರಟರು, ನಾನು ಕೈ ಹಿಡಿದು ನಿಲ್ಲಿಸಿದೆ." ಇದಕ್ಕಿಂತ ದೊಡ್ಡ ಪರೀಕ್ಷಾ ಫಲಿತಾಂಶವನ್ನು ನಾನು ಈ ವರ್ಷ ಕಂಡಿಲ್ಲ.

ಕೊನೆಗೆ ಒಂದು ಮಾತು. ಇದನ್ನು ಹೇಳಲು ನನಗೆ ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ದುಬಾಯಿಗೆ ಹೋಗುವ ಮಕ್ಕಳು ಕೆಲವರು. ಆದರೆ ದಿನವೂ ರೈಲು ಹಳಿಯನ್ನು ದಾಟಿ ಈ ಶಾಲೆಗೆ ಬರುವ ಮಕ್ಕಳು ಅನೇಕರು. 1907 ರಲ್ಲಿ ಮಂಗಳೂರನ್ನು ಮುಟ್ಟಿದ ಈ ರೈಲು ಮಾರ್ಗವು ನಮ್ಮ ಊರುಗಳ ಮನೆಗಳ ಹಿತ್ತಿಲಲ್ಲಿಯೇ ಹಾದುಹೋಗುತ್ತದೆ. ಅದರ ಮೇಲೆ ಈಗ ವಿದ್ಯುತ್ ಎಂಜಿನುಗಳು ಓಡುತ್ತವೆ. ಮೇಲಿನ ತಂತಿಯಲ್ಲಿ 25,000 ವೋಲ್ಟಿನ ಶಕ್ತಿಯಿದೆ. 2023 ರ ಏಪ್ರಿಲಿನಿಂದ ಕಾಸರಗೋಡಿನಿಂದ ವಂದೇ ಭಾರತ್ ರೈಲೂ ಹೊರಡತೊಡಗಿತು. ಟ್ರಾಮಿನ ವಿಷಯದಲ್ಲಿ ಹೇಳಿದುದೆಲ್ಲವೂ ಇದಕ್ಕೆ ಇಮ್ಮಡಿ, ಮುಮ್ಮಡಿಯಾಗಿ ಸಲ್ಲುತ್ತದೆ. ಟ್ರಾಮು ಜನರ ನಡುವೆ ಓಡಲೆಂದೇ ಮಾಡಿದ ಗಾಡಿ. ರೈಲಿನ ಹಾದಿಯಲ್ಲಾದರೋ ನಮಗೆ ನಡೆಯುವ ಹಕ್ಕೇ ಇಲ್ಲ. ಅದು 1989 ರ ರೈಲ್ವೆ ಕಾನೂನಿನಂತೆ ಅಪರಾಧವೂ ಹೌದು.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ನನಗೆ ಹೊತ್ತಾಗಿತ್ತು. ಮೇಲ್ಸೇತುವೆಗೆ ಸುತ್ತಿಹೋದರೆ ಪ್ರಾರ್ಥನೆಯ ವೇಳೆ ತಪ್ಪುವುದೆಂದು ನಾನೇ ಹಳಿಯನ್ನು ದಾಟಿದೆ. ದಾಟಿ ಹಿಂದಿರುಗಿ ನೋಡಿದರೆ ನಮ್ಮ ಶಾಲೆಯ ಮೂವರು ಮಕ್ಕಳು ನನ್ನ ಹೆಜ್ಜೆಯಲ್ಲಿಯೇ ಹೆಜ್ಜೆಯಿಟ್ಟು ಬರುತ್ತಿದ್ದರು. ಒಬ್ಬನು ನಗುತ್ತ, "ನಮಸ್ತೆ ಸರ್" ಎಂದನು. ಆ ನಮಸ್ಕಾರವನ್ನು ಸ್ವೀಕರಿಸಲು ನನ್ನ ಕೈ ಏಳಲಿಲ್ಲ. ಇಪ್ಪತ್ತು ವರ್ಷ ಬಾಯಿಯಿಂದ ಕಲಿಸಿದ್ದನ್ನು ಅರ್ಧ ನಿಮಿಷದಲ್ಲಿ ಕಾಲಿನಿಂದ ಅಳಿಸಿದ್ದೆ. ಅಂದಿನಿಂದ ಸೇತುವೆಯ ಮೇಲೆಯೇ ಬರುತ್ತೇನೆ. ಹೊತ್ತಾದರೆ ಹೊತ್ತಾಗಿ ಬರುತ್ತೇನೆ. ಸೇತುವೆ ಸುತ್ತಿ ಬಂದ ಕಾರಣದಿಂದ ತಡವಾದ ಮಗುವನ್ನು ಈ ಶಾಲೆಯಲ್ಲಿ ಯಾರೂ ಗದರಿಸಬಾರದೆಂದು ಸಹೋದ್ಯೋಗಿಗಳಲ್ಲಿ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ.

ಹೆತ್ತವರೇ, ತಮ್ಮಲ್ಲಿ ನನ್ನ ಬೇಡಿಕೆಯೂ ಇದೊಂದೇ. ಮಕ್ಕಳನ್ನು ಹತ್ತು ನಿಮಿಷ ಮುಂಚೆ ಮನೆಯಿಂದ ಹೊರಡಿಸಿರಿ. ಆತುರಗಾರನಿಗೆ ಬುದ್ಧಿ ಮಟ್ಟವೆಂದು ನಮ್ಮ ಹಿರಿಯರು ಹೇಳಿದ್ದಾರಷ್ಟೆ. ಮತ್ತು ತಾವು ದಾಟುವಾಗ ಹಿಂದೆ ಒಂದು ಜೊತೆ ಚಿಕ್ಕ ಕಣ್ಣುಗಳು ನೋಡುತ್ತಿವೆಯೆಂದು ನೆನಪಿಡಿರಿ.

ಮಕ್ಕಳೇ, ನೀವು ದೊಡ್ಡವರಾಗಿ ಯಾವ ನಗರಕ್ಕಾದರೂ ಹೋಗಿರಿ, ಯಾವ ಗಾಡಿಯನ್ನಾದರೂ ಏರಿರಿ. ಹಳಿಯ ಅಂಚಿನಲ್ಲಿ ಒಂದು ಕ್ಷಣ ನಿಲ್ಲುವುದನ್ನು ಮಾತ್ರ ಈ ಶಾಲೆಯಿಂದ ಕೊಂಡೊಯ್ಯಿರಿ. ಹೋದವರೆಲ್ಲರೂ ಕ್ಷೇಮವಾಗಿ ಮನೆಗೆ ಮರಳಲಿ ಎಂದು ಹಾರೈಸುತ್ತೇನೆ.